ಗುಂಡು ಹೊಡೆದವರು, ಗಾಡಿ ಹೊಡೆದವರು

ಅಣ್ಣಿಗೇರಿ ಇಲ್ಲವೆ ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ ಈಗೀಗ ಆಗಾಗ ಕಾಣುವ ನೋಟ ಇದು. ಹದಿನೇಳೋ ಇಪ್ಪತ್ತೋ ವರ್ಷ ಸೇನೆಯಲ್ಲಿ ದುಡಿದು ನಿವೃತ್ತನಾದ ಯೋಧ ಕಪ್ಪು ಟ್ರಂಕು ಹಿಡಿದು ಗಾಡಿ ಇಳಿಯುತ್ತಾನೆ. ಊರ ಹುಡುಗರು ಹಾರ, ಪೇಟ ಹಿಡಿದು ಕಾದಿರುತ್ತಾರೆ. ಹೊರಗೆ ತೆರೆದ ಜೀಪು, ಹಿಂದೆ ಬೈಕುಗಳ ಸಾಲು, ಮುಂದೆ ಡೊಳ್ಳು, ಜಾಂಜ್ ಮೇಳ. ಶಲವಡಿಯಂಥ ಎರಿಹೊಲದ ಊರಿನ ಅಗಸಿ ಮುಟ್ಟುವಷ್ಟರಲ್ಲಿ ಮನೆ ಮನೆಯವರು ಆರತಿ ಹಿಡಿದು ನಿಂತಿರುತ್ತಾರೆ.

ಮೆರವಣಿಗೆ ಮುಗಿದು ಗುಡಿ ಕಟ್ಟೆಯ ಮೇಲೆ ಚಹಾ ಬಂದಾಗ ಮಾತು ಶುರುವಾಗುತ್ತದೆ. ಹಿರಿಯರೊಬ್ಬರು ಕೇಳುತ್ತಾರೆ: ‘ಬಾರ್ಡರ್‌ನ್ಯಾಗ ಇದ್ದಿ ಏನಪಾ? ಎಷ್ಟ ಮಂದೀನ್ನ ಹೊಡದಿ?’

‘ಇಲ್ಲರಿ ಕಾಕಾ, ನಾ ಗಾಡಿ ಹೊಡೀತಿದ್ನಿ. ಸಪ್ಲೈ ಕೋರ್‌ನ್ಯಾಗ.’

‘ಹಂಗನು...’ ಎಂದು ಹಿರಿಯರು ಸುಮ್ಮನಾಗುತ್ತಾರೆ. ಅವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಕೇಳುವವರ ಕಣ್ಣಿನಲ್ಲಿ ಆ ಮನುಷ್ಯನ ಬೆಲೆ ಒಂದು ಮೆಟ್ಟಿಲು ಇಳಿಯಿತೆಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯುತ್ತದೆ. ಅವನು ಓಡಿಸಿದ್ದು ಖರ್ದುಂಗ್ ಲಾ ಕಣಿವೆದಾರಿಯಲ್ಲಿ, ಚಳಿಗಾಲದ ಮಂಜಿನಲ್ಲಿ, ಮದ್ದುಗುಂಡು ತುಂಬಿದ ಲಾರಿಯನ್ನು ಎಂಬುದನ್ನು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕಾದಾಡಿದ ಸೈನಿಕನಿಗೂ ಕಾದಾಡದ ಸೈನಿಕನಿಗೂ ಸಮಾಜ ಕೊಡುವ ಬೆಲೆ ಬೇರೆ. ಆ ವ್ಯತ್ಯಾಸ ಗುಡಿ ಕಟ್ಟೆಯಿಂದ ವಿಧಾನಸೌಧದವರೆಗೆ, ಅಲ್ಲಿಂದ ಸಂಸತ್ತಿನವರೆಗೆ ಹರಿದಿದೆ. ಪರಿಹಾರದ ಮೊತ್ತ ಅದರ ಮೇಲೆ ನಿಂತಿದೆ, ಬಡ್ತಿ ನಿಂತಿದೆ, ಚುನಾವಣೆಯ ಪೋಸ್ಟರುಗಳೂ ನಿಂತಿವೆ. ನಮ್ಮ ರಾಜಕಾರಣ ಇದರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ: ಅದು ಸೈನಿಕನ ಸಾವನ್ನು ಎಣಿಸುತ್ತದೆ, ಸೈನಿಕನ ಕೆಲಸವನ್ನು ಎಣಿಸುವುದಿಲ್ಲ.

ಸೇನೆಯೊಳಗಿನ ಪಂಕ್ತಿಗಳು

ಭೂಸೇನೆಯನ್ನು ಸ್ಥೂಲವಾಗಿ ಮೂರು ಭಾಗವಾಗಿ ನೋಡಬಹುದು. ಮೊದಲನೆಯದು ನೇರವಾಗಿ ಕಾದಾಡುವ ದಳಗಳು: ಕಾಲ್ದಳ, ಟ್ಯಾಂಕ್ ದಳ. ಎರಡನೆಯದು ಅವರಿಗೆ ಒತ್ತಾಗಿ ನಿಲ್ಲುವವರು: ಫಿರಂಗಿಯವರು, ಎಂಜಿನಿಯರುಗಳು, ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್‌ನವರು. ಮೂರನೆಯದು ಸೇವಾ ವಿಭಾಗಗಳು. ಅನ್ನ, ನೀರು, ಇಂಧನ, ಲಾರಿ ನೋಡಿಕೊಳ್ಳುವ ಆರ್ಮಿ ಸರ್ವಿಸ್ ಕೋರ್. ಶಸ್ತ್ರ, ಬಟ್ಟೆ, ಬೂಟು ಒದಗಿಸುವ ಆರ್ಡ್‌ನನ್ಸ್. ಕೆಟ್ಟದ್ದನ್ನು ರಿಪೇರಿ ಮಾಡುವ ಇಎಂಇ. ವೈದ್ಯರು, ನರ್ಸಿಂಗ್ ಸಹಾಯಕರು. ಹೇಸರಗತ್ತೆ ಮತ್ತು ನಾಯಿಗಳನ್ನು ಸಾಕಿ ಪಳಗಿಸುವ ಪಶುವೈದ್ಯ ವಿಭಾಗ.

ಕರ್ನಾಟಕದಲ್ಲಿ ಈ ಮೂರೂ ಇವೆ. ಬೆಳಗಾವಿ 1922ರಿಂದ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರ. ಬೆಂಗಳೂರಿನಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ಕೇಂದ್ರವಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಆರ್ಮಿ ಸರ್ವಿಸ್ ಕೋರಿನ ಕೇಂದ್ರ ಇದೆ. ಧಾರವಾಡ ಜಿಲ್ಲೆಯ ಹುಡುಗ ಭರ್ತಿಯಾದರೆ ಮರಾಠಾಗೆ ಹೋಗಬಹುದು, ಮದ್ರಾಸ್ ರೆಜಿಮೆಂಟಿಗೆ ಹೋಗಬಹುದು, ಇಲ್ಲವೆ ಅಡುಗೆಯವನಾಗಿ, ಚಾಲಕನಾಗಿ, ಗುಮಾಸ್ತನಾಗಿ ಎಲ್ಲಿಗೂ ಹೋಗಬಹುದು. ಎಲ್ಲಿ ಕೆಲಸ ಸಿಗುತ್ತದೆ ಎಂಬುದು ಅವನ ಧೈರ್ಯದ ಮೇಲೆ ನಿರ್ಧಾರವಾಗುವುದಿಲ್ಲ. ಓದು, ದೇಹದ ಅಳತೆ, ಪರೀಕ್ಷೆಯ ಅಂಕ, ಆ ವರ್ಷ ಖಾಲಿಯಿರುವ ಹುದ್ದೆ ಸೇರಿ ನಿರ್ಧರಿಸುತ್ತವೆ.

ಮೇಲು–ಕೆಳಗಿನ ಭಾವ ಸೇನೆಯೊಳಗೂ ಇದೆ, ನ್ಯಾಯಾಲಯದವರೆಗೂ ಹೋಗಿದೆ. ಕಾರ್ಗಿಲ್ ಯುದ್ಧದ ನಂತರ ಬೆಟಾಲಿಯನ್ ನಡೆಸುವ ಕರ್ನಲ್‌ಗಳು ಇನ್ನೂ ಚಿಕ್ಕ ವಯಸ್ಸಿನವರಾಗಿರಬೇಕು ಎಂಬ ಸಲಹೆ ಬಂತು. ಅದರಂತೆ ಹೊಸ ಕರ್ನಲ್ ಹುದ್ದೆಗಳನ್ನು ಸೃಷ್ಟಿಸಿದಾಗ ದೊಡ್ಡ ಪಾಲು ಕಾಲ್ದಳಕ್ಕೂ ಫಿರಂಗಿ ದಳಕ್ಕೂ ಹೋಯಿತು. ಉಳಿದ ವಿಭಾಗಗಳ ಅಧಿಕಾರಿಗಳು ಇದು ತಾರತಮ್ಯ ಎಂದು ದೂರು ಕೊಟ್ಟರು. 2015ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅವರ ಪರವಾಗಿ ತೀರ್ಪಿತ್ತಿತು. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು. ಜೊತೆಗೆ ಬೆಂಬಲ ದಳಗಳಿಗಾಗಿ 141 ಹೆಚ್ಚುವರಿ ಕರ್ನಲ್ ಹುದ್ದೆ ಸೃಷ್ಟಿಸಲು ಹೇಳಿತು. ಮರುವರ್ಷ ಸೇವಾ ವಿಭಾಗಗಳ ನೂರಕ್ಕೂ ಹೆಚ್ಚು ಅಧಿಕಾರಿಗಳು ಮತ್ತೆ ಅದೇ ನ್ಯಾಯಾಲಯದ ಬಾಗಿಲು ಬಡಿದರು. ಅವರ ಅಳಲು ಸರಳವಾಗಿತ್ತು: ನಮ್ಮನ್ನು ಕಳಿಸುವಾಗ ಕಾರ್ಯಾಚರಣೆಯ ಪ್ರದೇಶಕ್ಕೇ ಕಳಿಸುತ್ತೀರಿ, ಬಡ್ತಿಯ ಹೊತ್ತಿಗೆ ನಾವು ಅಲ್ಲಿರಲೇ ಇಲ್ಲ ಎನ್ನುತ್ತೀರಿ.

ಹಾವೇರಿಯಲ್ಲಿ ಹುಟ್ಟಿದ ಪರಮವೀರ

ಈ ಗೆರೆ ಎಷ್ಟು ತೆಳುವಾದದ್ದು ಎಂದು ತಿಳಿಯಲು ನಮ್ಮ ಹಳೆಯ ಧಾರವಾಡ ಜಿಲ್ಲೆಯಲ್ಲೇ ಹುಟ್ಟಿದವರೊಬ್ಬರ ಕಥೆ ಸಾಕು. ರಾಮ ರಾಘೋಬ ರಾಣೆ 1918ರ ಜೂನ್ 26ರಂದು ಹಾವೇರಿಯಲ್ಲಿ ಹುಟ್ಟಿದರು. ಹಾವೇರಿ ಆಗ ಧಾರವಾಡ ಜಿಲ್ಲೆಯ ಊರು. ತಂದೆ ಪೊಲೀಸ್ ಕಾನ್‌ಸ್ಟೆಬಲ್, ಮೂಲ ಕಾರವಾರದ ಬಳಿಯ ಚೆಂಡಿಯಾ. ರಾಣೆ ಸೇನೆ ಸೇರಿದ್ದು ಬಾಂಬೆ ಎಂಜಿನಿಯರ್ಸ್‌ಗೆ. ರಸ್ತೆ ಮಾಡುವುದು, ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು ಅವರ ಕಸುಬು.

1948ರ ಏಪ್ರಿಲ್‌ನಲ್ಲಿ ಭಾರತದ ಪಡೆ ನೌಶೇರಾದಿಂದ ರಾಜೌರಿಯ ಕಡೆಗೆ ಹೊರಟಿತ್ತು. ರಾಜೌರಿ ದಾಳಿಕೋರರ ಕೈಯಲ್ಲಿತ್ತು. ಟ್ಯಾಂಕುಗಳು ಹೋಗಬೇಕು, ಆದರೆ ದಾರಿಯುದ್ದಕ್ಕೂ ನೆಲಬಾಂಬು, ಅಡ್ಡ ಕೆಡವಿದ ದೊಡ್ಡ ದೊಡ್ಡ ಪೈನ್ ಮರ, ಮುರಿದ ಮೋರಿ. ಏಪ್ರಿಲ್ 8ರಂದು ಕೆಲಸ ಶುರು ಮಾಡುವಾಗಲೇ ಮಾರ್ಟರ್ ದಾಳಿಗೆ ರಾಣೆಯವರ ತಂಡದ ಇಬ್ಬರು ಸತ್ತರು. ಗಾಯಗೊಂಡ ಐವರಲ್ಲಿ ರಾಣೆಯೂ ಒಬ್ಬರು. ಗಾಯಕ್ಕೆ ಬಟ್ಟೆ ಸುತ್ತಿ ಅವರು ಮತ್ತೆ ಕೆಲಸಕ್ಕೆ ಇಳಿದರು. ಮೂರು ದಿನ, ಹೆಚ್ಚುಕಡಿಮೆ ನಿದ್ದೆ–ಊಟ ಬಿಟ್ಟು, ಬಾಂಬು ತೆಗೆಯುತ್ತ, ಮರ ಸರಿಸುತ್ತ, ಮೆಷಿನ್‌ಗನ್ನಿನ ಗುಂಡಿನ ನಡುವೆ ಬದಲಿ ದಾರಿ ಕಡಿಯುತ್ತ ಹೋದರು. ಒಂದು ಕಡೆ ಟ್ಯಾಂಕಿನ ಅಡಿಯಲ್ಲೇ ತೆವಳುತ್ತ, ಎರಡು ಹಗ್ಗ ಹಿಡಿದು, ಒಂದನ್ನೆಳೆದರೆ ನಿಲ್ಲು, ಇನ್ನೊಂದನ್ನೆಳೆದರೆ ನಡೆ ಎಂದು ಒಳಗಿನ ಚಾಲಕನಿಗೆ ಸನ್ನೆ ಕೊಟ್ಟರು. ಏಪ್ರಿಲ್ 12ರಂದು ರಾಜೌರಿ ಕೈವಶವಾಯಿತು.

ಆ ಮೂರು ದಿನ ಅವರು ಮಾಡಿದ್ದು ರಸ್ತೆ ತೆರವು ಮಾಡುವ ಕೆಲಸ. ಅದಕ್ಕೆ ದೇಶ ಕೊಟ್ಟದ್ದು ಯುದ್ಧರಂಗದ ಅತ್ಯುಚ್ಚ ಪದಕವಾದ ಪರಮವೀರ ಚಕ್ರ. ಬದುಕಿದ್ದಾಗಲೇ ಅದನ್ನು ಪಡೆದ ಕೆಲವೇ ಕೆಲವರಲ್ಲಿ ರಾಣೆ ಒಬ್ಬರು. 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲ ದಂಡೆಯಲ್ಲಿ ಅವರ ಪ್ರತಿಮೆ ಇದೆ. 2023ರ ಜನವರಿಯಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರು ಬಂತು. ಆದರೆ ನಮ್ಮ ಶಾಲೆಗಳಲ್ಲಿ ಹುಡುಗರಿಗೆ ಅವರ ಹೆಸರು ಹೇಳಿ ನೋಡಿ, ಗೊತ್ತಿರುವವರು ಸಿಗುವುದು ಕಷ್ಟ. ಹಾವೇರಿ, ಧಾರವಾಡ, ಗದಗ ಮೂರೂ ಜಿಲ್ಲೆಯವರು ನಮ್ಮವ ಎಂದು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಮನುಷ್ಯ ಇವರು.

ಅದೇ ರಾಜೌರಿಯಲ್ಲಿ 2023ರ ನವೆಂಬರ್‌ನಲ್ಲಿ ಉಗ್ರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಕರ್ನಾಟಕದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಪ್ರಾಣ ಕೊಟ್ಟರು. ಅವರ ಮೂಲ ವಿಭಾಗ ಸಿಗ್ನಲ್ಸ್. ರಾಷ್ಟ್ರೀಯ ರೈಫಲ್ಸ್‌ನ 63ನೇ ಬೆಟಾಲಿಯನ್‌ನಲ್ಲಿ ಕೆಲಸ ಮಾಡುತ್ತಿದ್ದರು. ಕಾಶ್ಮೀರದಲ್ಲಿ ಉಗ್ರರನ್ನು ಎದುರಿಸುವ ಈ ಪಡೆಗೆ ಸೇನೆಯ ಎಲ್ಲ ವಿಭಾಗಗಳಿಂದಲೂ ಜನ ಬರುತ್ತಾರೆ. ಕಾಗದದ ಮೇಲೆ ಯಾರು ಕಾದಾಡುವವರು, ಯಾರು ಅಲ್ಲ ಎಂದು ಗೆರೆ ಎಳೆಯಬಹುದು. ಎದುರಿನಿಂದ ಬರುವ ಗುಂಡು ಆ ಕಾಗದ ನೋಡುವುದಿಲ್ಲ.

ಬೆಟದೂರಿನ ಹನುಮಂತಪ್ಪ

ಕುಂದಗೋಳ ತಾಲ್ಲೂಕಿನ ಬೆಟದೂರು ಶಲವಡಿಗೆ ಪರಸ್ಥಳವಲ್ಲ. ಒಂದೇ ಜಿಲ್ಲೆ, ಒಂದೇ ಮಾತು, ಮಳೆ ಕೈಕೊಟ್ಟರೆ ಒಂದೇ ಚಿಂತೆ. ಆ ಊರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಇಡೀ ದೇಶ ಬಲ್ಲದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿಯಿತು. ಮದ್ರಾಸ್ ರೆಜಿಮೆಂಟ್ 19ನೇ ಬೆಟಾಲಿಯನ್‌ನವರು ಸೇರಿ ಹತ್ತು ಮಂದಿ ಹೂತುಹೋದರು. ಆರನೆಯ ದಿನ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ, ಹನುಮಂತಪ್ಪ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಪ್ರಧಾನಿ ಬಂದು ನೋಡಿದರು. ಊರೂರಲ್ಲಿ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ಫೆಬ್ರುವರಿ 11ರಂದು ಅವರು ಹೋದರು.

ಹನುಮಂತಪ್ಪ ಮೃತಪಟ್ಟದ್ದು ಶತ್ರುವಿನ ಗುಂಡಿಗಲ್ಲ, ಹಿಮಕ್ಕೆ. ಸಿಯಾಚಿನ್‌ನಲ್ಲಿ ಇದೇ ಹೆಚ್ಚು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ ಆರಂಭವಾದ ಮೇಲೆ ಅಲ್ಲಿ ನಮ್ಮ ಎಂಟು ನೂರಕ್ಕೂ ಹೆಚ್ಚು ಸೈನಿಕರು ಜೀವ ಬಿಟ್ಟಿದ್ದಾರೆ. ಅವರಲ್ಲಿ ಬಹುಪಾಲು ಹಿಮಕುಸಿತ, ಚಳಿ, ಎತ್ತರದ ಕಾಯಿಲೆಗಳಿಗೆ ಬಲಿಯಾದವರು. 2003ರ ನವೆಂಬರ್‌ನಿಂದ ಕದನವಿರಾಮ ಇದ್ದು ಗುಂಡಿನ ಸದ್ದು ನಿಂತ ಮೇಲೂ ಸಾವು ನಿಂತಿಲ್ಲ.

ಜನರ ನೆನಪಿನಲ್ಲಿ ಉಳಿದದ್ದು ಆ ಆರು ದಿನ. ಅದಕ್ಕಿಂತ ಮೊದಲಿನ ಹದಿಮೂರು ವರ್ಷ ಉಳಿದಿಲ್ಲ. 2002ರಲ್ಲಿ ಭರ್ತಿಯಾದ ಹನುಮಂತಪ್ಪ ಆ ಹದಿಮೂರರಲ್ಲಿ ಹತ್ತು ವರ್ಷ ಕಳೆದದ್ದು ಕಠಿಣ ಪ್ರದೇಶಗಳಲ್ಲೇ ಎಂದು ಸೇನೆಯೇ ಹೇಳಿತ್ತು. ಜಮ್ಮು–ಕಾಶ್ಮೀರದ ಮಾಹೋರ್, ಆಮೇಲೆ 54 ರಾಷ್ಟ್ರೀಯ ರೈಫಲ್ಸ್, ಆಮೇಲೆ ಈಶಾನ್ಯದ ಉಗ್ರರ ವಿರುದ್ಧದ ಕಾರ್ಯಾಚರಣೆ. ಅವರು ಗುಂಡಿನ ನಡುವೆ ಕಳೆದ ವರ್ಷಗಳಲ್ಲಿ ಧಾರವಾಡ ಜಿಲ್ಲೆಯ ಒಬ್ಬ ರಾಜಕಾರಣಿಗೂ ಅವರ ಹೆಸರು ತಿಳಿದಿರಲಿಲ್ಲ ಎಂದರೆ ತಪ್ಪಾಗದು. ಬದುಕಿದ್ದ ಹನುಮಂತಪ್ಪ ರಜೆಗೆ ಬಂದಾಗ ಯಾವ ಶಾಸಕರೂ ಕಾದು ನಿಂತಿರಲಿಲ್ಲ.

ಅವರನ್ನು ಹಿಮದಿಂದ ಎತ್ತಿದವರು ಯಾರು ಎಂಬುದನ್ನೂ ಹೇಳಬೇಕು. ನೂರೈವತ್ತಕ್ಕೂ ಹೆಚ್ಚು ಜನ ಆ ಎತ್ತರದಲ್ಲಿ ಕಾಂಕ್ರೀಟಿನಷ್ಟು ಗಟ್ಟಿ ಹಿಮ ಕೊರೆದರು. ಕೊರೆಯುವ ಯಂತ್ರಗಳನ್ನು ಹೆಲಿಕಾಪ್ಟರ್ ಪೈಲಟ್‌ಗಳು ತುಂಡು ತುಂಡಾಗಿ ಮೇಲಕ್ಕೆ ಒಯ್ದರು. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ವಾಸನೆ ಹಿಡಿದು ಜಾಗ ತೋರಿಸಿದವು. ಅವನ್ನು ಪಳಗಿಸಿದವರು ಇದ್ದರು. ಬೆಚ್ಚಗಿನ ಆಮ್ಲಜನಕ, ಸಲೈನ್ ಹಿಡಿದು ಸ್ಥಳದಲ್ಲೇ ಕಾದಿದ್ದ ವೈದ್ಯರು ಇದ್ದರು. ಅವರಿಗೆ ಸೀಮೆಎಣ್ಣೆ, ಊಟ ಮುಟ್ಟಿಸಿದವರು ಕೆಳಗಿನ ಬೇಸ್‌ನಲ್ಲಿದ್ದರು. ದೇಶವೆಲ್ಲ ಪವಾಡ ಎಂದು ಕರೆದದ್ದರ ಹಿಂದೆ ಇದ್ದವರಲ್ಲಿ ಎಷ್ಟೋ ಮಂದಿ ಗುಡಿ ಕಟ್ಟೆಯಲ್ಲಿ ‘ಹಂಗನು...’ ಎಂದು ಕೇಳಿಸಿಕೊಳ್ಳುವ ವಿಭಾಗದವರು.

ಸಾವಿನ ಶ್ರೇಣಿ

ಸರ್ಕಾರ ಸೈನಿಕನ ಸಾವನ್ನು ಕಾರಣದ ಮೇಲೆ ವಿಂಗಡಿಸುತ್ತದೆ. ಓದುಗರಲ್ಲಿ ಬಹಳ ಮಂದಿಗೆ ಇದು ಅರ್ಧ ಮಾತ್ರ ಗೊತ್ತು. ಸೇವೆಗೆ ಸಂಬಂಧವಿಲ್ಲದ ಕಾಯಿಲೆಯಿಂದ ಸತ್ತರೆ ಹೆಂಡತಿಗೆ ಸಾಮಾನ್ಯ ಕುಟುಂಬ ಪಿಂಚಣಿ: ಕೊನೆಯ ಸಂಬಳದ ಶೇ 30. ಕರ್ತವ್ಯದ ಮೇಲಿದ್ದಾಗ ಅಪಘಾತದಲ್ಲೋ ಸೇವೆಯ ಕಾರಣದಿಂದ ಬಂದ ಕಾಯಿಲೆಯಲ್ಲೋ ಸತ್ತರೆ ವಿಶೇಷ ಕುಟುಂಬ ಪಿಂಚಣಿ: ಶೇ 60. ಯುದ್ಧದಲ್ಲಿ, ಉಗ್ರರ ದಾಳಿಯಲ್ಲಿ, ಘೋಷಿತ ಕಾರ್ಯಾಚರಣೆಯಲ್ಲಿ ಸತ್ತರೆ ಕೊನೆಯ ಸಂಬಳ ಪೂರ್ತಿ.

ಕೇಂದ್ರದ ಒಂದು ಬಾರಿಯ ಪರಿಹಾರಕ್ಕೂ ಹೀಗೇ ಮೆಟ್ಟಿಲುಗಳಿವೆ. 2016ರ ಜನವರಿಯಿಂದ ಅನ್ವಯವಾದ ದರದಲ್ಲಿ ಕರ್ತವ್ಯದ ವೇಳೆಯ ಅಪಘಾತಕ್ಕೂ ಉಗ್ರರ ಕೃತ್ಯಕ್ಕೂ 25 ಲಕ್ಷ. ಗಡಿ ಚಕಮಕಿಗೂ, ಅತಿ ಎತ್ತರದ ಠಾಣೆಗಳಲ್ಲಿ ಹವಾಮಾನದಿಂದ ಆಗುವ ಸಾವಿಗೂ 35 ಲಕ್ಷ. ಯುದ್ಧದಲ್ಲಿ ಶತ್ರುವಿನಿಂದ ಆಗುವ ಸಾವಿಗೆ 45 ಲಕ್ಷ. ಸಿಯಾಚಿನ್‌ನಲ್ಲಿ ಸತ್ತವರನ್ನು ಸೇನೆ ಯುದ್ಧದ ಸಾವೆಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಅದು ನ್ಯಾಯವಾದದ್ದು. ಅದೇ ಸೈನಿಕ ಅಂಬಾಲಾದಲ್ಲೋ ಜಬಲ್‌ಪುರದಲ್ಲೋ ಮದ್ದುಗುಂಡಿನ ಲಾರಿ ಮಗುಚಿ ಸತ್ತರೆ ಅವನ ಸಂಸಾರ ಶೇ 60ರ ಪಂಕ್ತಿಗೆ ಬೀಳುತ್ತದೆ.

ಯುದ್ಧರಂಗದ ಅಪಾಯಕ್ಕೆ ಹೆಚ್ಚು ಕೊಡಬೇಕು ಎಂಬ ತತ್ವವನ್ನು ನಾನು ಒಪ್ಪುತ್ತೇನೆ. ಗೊತ್ತಿದ್ದೂ ಗುಂಡಿನ ಎದುರು ಹೋಗುವವನಿಗೆ ದೇಶ ಹೆಚ್ಚಿನ ಋಣಿ. ಆದರೆ ಹತ್ತೋ ಇಪ್ಪತ್ತೋ ವರ್ಷ ಆಯ್ಕೆಯೇ ಇಲ್ಲದೆ ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋದವನ ವಿಧವೆಗೆ, ಅವನು ಕೊನೆಯ ದಿನ ಎಲ್ಲಿದ್ದ ಎಂಬ ಒಂದೇ ಪ್ರಶ್ನೆಯ ಮೇಲೆ ಉಳಿದ ಬದುಕಿನ ಸಂಬಳ ಅಳೆಯುವುದು ಬಹಳ ಒರಟಾದ ಅಳತೆ.

ಪೆಟ್ಟಿಗೆ ಊರಿಗೆ ಬಂದ ಮೇಲೆ

1962, 1965, 1971ರ ಯುದ್ಧಗಳಲ್ಲಿ ಸತ್ತ ಸೈನಿಕರ ಅಂತ್ಯಕ್ರಿಯೆ ಬಹುತೇಕ ರಣರಂಗದ ಹತ್ತಿರವೇ ಆಗುತ್ತಿತ್ತು. ಊರಿಗೆ ಬರುತ್ತಿದ್ದುದು ತಂತಿ, ಆಮೇಲೆ ಅವನ ಸಾಮಾನು. 1999ರ ಕಾರ್ಗಿಲ್ ಯುದ್ಧದಲ್ಲಿ ಅದು ಬದಲಾಯಿತು. ಆಗ ರಕ್ಷಣಾ ಸಚಿವರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆಗಳು ಹಳ್ಳಿಹಳ್ಳಿಗೂ ಬಂದವು. ಟಿವಿ ಕ್ಯಾಮೆರಾಗಳೂ ಬಂದವು.

ಮನೆಯವರಿಗೆ ಮಗನ ಮುಖ ಕೊನೆಯ ಸಲ ನೋಡುವ ಅವಕಾಶ ಸಿಕ್ಕಿತು. ಇದು ದೊಡ್ಡ ಉಪಕಾರ. ಜೊತೆಗೇ ಹಳ್ಳಿಯ ಅಂತ್ಯಕ್ರಿಯೆ ರಾಜಕೀಯ ವೇದಿಕೆಯೂ ಆಯಿತು. ಹನುಮಂತಪ್ಪ ಅವರ ಪಾರ್ಥಿವ ಶರೀರವನ್ನು ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಇಟ್ಟಾಗ ಸಾವಿರಾರು ಜನ ಸಾಲುಗಟ್ಟಿದರು. ಬೆಟದೂರಿಗೆ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಬಂದರು, ಪಕ್ಷಭೇದವಿಲ್ಲದೆ ಮುಖಂಡರು ಬಂದರು. ರಾಜ್ಯ ಸರ್ಕಾರ 25 ಲಕ್ಷ ರೂಪಾಯಿ ಘೋಷಿಸಿತು. ಅದೇ ಹಿಮಕುಸಿತದಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್ ಕೂಡ ತೀರಿಕೊಂಡಿದ್ದರು. ಅವರ ಹೆಸರು ಎಷ್ಟು ಜನರಿಗೆ ನೆನಪಿದೆ?

2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಸತ್ತರು. ಅವರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಒಬ್ಬರು. ಮಂಡ್ಯದ ಜನ ಕಣ್ಣೀರಿಟ್ಟರು. ಕೆಲವೇ ವಾರದಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬಾರದು ಎಂದು 2013ರಲ್ಲೇ ಹೇಳಿದ್ದ ಚುನಾವಣಾ ಆಯೋಗ 2019ರ ಮಾರ್ಚ್ 9ರಂದು ಮತ್ತೆ ಪಕ್ಷಗಳಿಗೆ ನೆನಪಿಸಬೇಕಾಯಿತು. ಸಿಆರ್‌ಪಿಎಫ್ ಗೃಹ ಸಚಿವಾಲಯದ ಕೆಳಗೆ ಬರುತ್ತದೆ. 2004ರ ನಂತರ ಸೇರಿದವರಿಗೆ ಸೇನೆಯವರಿಗಿರುವ ಹಳೆಯ ಪಿಂಚಣಿಯ ಏರ್ಪಾಡು ಇಲ್ಲ ಎಂಬ ಮಾತು ವೇದಿಕೆಗಳ ಮೇಲೆ ಬರಲೇ ಇಲ್ಲ.

ಮತಪೆಟ್ಟಿಗೆಯಲ್ಲಿ ಫೌಜಿ

ಬದುಕಿ ಬಂದ ಸೈನಿಕನಿಗೆ ನಮ್ಮಲ್ಲಿ ಓಟು ಬೀಳುತ್ತದೆಯೇ? ಕರ್ನಾಟಕದ ಅನುಭವ ನೋಡಿದರೆ ಅಷ್ಟಾಗಿ ಇಲ್ಲ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ.ಎಂ. ಕಾರಿಯಪ್ಪ 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. 1971ರ ಯುದ್ಧ ಕಂಡ, ಆಮೇಲೆ ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ನಿಂತು ಸೋತರು. 2024ರಲ್ಲಿ ದಕ್ಷಿಣ ಕನ್ನಡದಿಂದ ಗೆದ್ದ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೂರ್ಖಾ ರೈಫಲ್ಸ್‌ನಲ್ಲಿದ್ದವರು. ಆದರೆ ಅದು 1991ರಿಂದಲೂ ಅವರ ಪಕ್ಷದ ಕೈಯಲ್ಲಿರುವ ಕ್ಷೇತ್ರ, ಅವರು ಪಕ್ಷದ ಸಂಘಟನೆಯಲ್ಲಿ ದುಡಿದವರು. ಹೆಸರಿನ ಮುಂದಿನ ಹುದ್ದೆ ಅವರಿಗೆ ಕಳೆ ತಂದಿತು, ಗೆಲುವು ಪಕ್ಷದಿಂದ ಬಂತು ಎಂದೇ ನನ್ನ ಅನಿಸಿಕೆ.

ಇದಕ್ಕೆ ಕಾರಣ ಹುಡುಕಲು ಕಷ್ಟವಿಲ್ಲ. ಉತ್ತರಾಖಂಡ, ಹಿಮಾಚಲ, ಹರಿಯಾಣದಲ್ಲಿ ಸೈನಿಕರ ಮನೆಗಳು ದಟ್ಟವಾಗಿವೆ. ಅಲ್ಲಿ ಪಿಂಚಣಿ ಚುನಾವಣೆಯ ವಿಷಯ. ನಮ್ಮಲ್ಲಿ ಕೊಡಗು, ಬೆಳಗಾವಿಯ ಕೆಲ ಭಾಗ ಬಿಟ್ಟರೆ ಸೈನಿಕರ ಮನೆಗಳು ಚದುರಿಹೋಗಿವೆ. ಊರಿಗೆ ನಾಲ್ಕು ಮನೆ, ಎಂಟು ಮನೆ. ಓಟಿನ ಲೆಕ್ಕಕ್ಕೆ ಸಾಲದು, ಭಾವನೆಯ ಲೆಕ್ಕಕ್ಕೆ ಸಾಕು.

ಇನ್ನೊಂದು ಸಂಗತಿ: ಗೆದ್ದವರಾಗಲಿ ಸೋತವರಾಗಲಿ, ಇವರೆಲ್ಲ ಅಧಿಕಾರಿಗಳು. ಅಧಿಕಾರಿ ಏನು ಕೆಲಸ ಮಾಡುತ್ತಿದ್ದ ಎಂದು ಯಾರೂ ಕೇಳುವುದಿಲ್ಲ. ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಮೇಜರ್ ಜನರಲ್ ಬಿ.ಸಿ. ಖಂಡೂರಿ ಎಂಜಿನಿಯರ್ಸ್ ವಿಭಾಗದವರು. ಪಂಜಾಬಿನ ಕ್ಯಾಪ್ಟನ್ ಅಮರಿಂದರ್ ಸಿಂಗ್ 1965ರ ಯುದ್ಧದ ಹೊತ್ತಿಗೆ ಪಶ್ಚಿಮ ಕಮಾಂಡಿನ ಮುಖ್ಯಸ್ಥರ ಎಡಿಸಿ, ಅಂದರೆ ಆಪ್ತ ಸಹಾಯಕ ಅಧಿಕಾರಿ, ಆಗಿದ್ದರು. ಅದರಿಂದ ಅವರ ‘ಕ್ಯಾಪ್ಟನ್’ ಎಂಬ ಹೆಸರಿಗೆ ಕುಂದು ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಎಲ್ಲಿದ್ದೆ, ಏನು ಮಾಡಿದೆ ಎಂಬ ಪ್ರಶ್ನೆ ಜವಾನನ ಪಾಲಿಗೆ ಮಾತ್ರ ಏಕೆ?

ಜವಾನರಲ್ಲಿ ದೇಶದ ರಾಜಕಾರಣವನ್ನು ಅಲುಗಾಡಿಸಿದ ಒಬ್ಬರೆಂದರೆ ಅಣ್ಣಾ ಹಜಾರೆ. ಅವರು ಸೇನೆಯಲ್ಲಿ ಲಾರಿ ಚಾಲಕ. 1965ರಲ್ಲಿ ಖೇಮ್‌ಕರಣ್ ವಲಯದಲ್ಲಿ ಲಾರಿ ಓಡಿಸುತ್ತಿದ್ದಾಗ ದಾಳಿಯಾಗಿ ಜೊತೆಗಾರರು ಸತ್ತರು, ಅವರು ಉಳಿದರು. 2011ರ ಭ್ರಷ್ಟಾಚಾರ ವಿರೋಧಿ ಚಳವಳಿಯ ದಿನಗಳಲ್ಲಿ ವಿರೋಧಿಗಳು ಮೊದಲು ಕೈಹಾಕಿದವುಗಳಲ್ಲಿ ಅವರ ಸೇನಾ ದಾಖಲೆಯೂ ಒಂದು. ಅವರು ಹನ್ನೆರಡು ವರ್ಷ ದುಡಿದು ಗೌರವದಿಂದ ಬಿಡುಗಡೆಯಾದವರು ಎಂದು ಸೇನೆ ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟ ಮೇಲೆ ದಾಖಲೆಯ ಮೇಲಿನ ಆ ಅನುಮಾನ ನಿಂತಿತು.

ಅಮೆರಿಕದಲ್ಲಿ ಇದೇ ಜಗಳ

ಅಮೆರಿಕದಲ್ಲಿ ಇದು ಬಹಿರಂಗ ಕಾಳಗ. 2024ರ ಚುನಾವಣೆಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರೂ ಸೇನೆಯಲ್ಲಿದ್ದವರು. ಟಿಮ್ ವಾಲ್ಜ್ ನ್ಯಾಷನಲ್ ಗಾರ್ಡ್‌ನಲ್ಲಿ 24 ವರ್ಷ ದುಡಿದಿದ್ದರು, ಯುದ್ಧರಂಗಕ್ಕೆ ಹೋಗಿರಲಿಲ್ಲ. ಹಿಂದೊಮ್ಮೆ ಭಾಷಣದಲ್ಲಿ ಯುದ್ಧದಲ್ಲಿ ತಾನು ಹಿಡಿದ ಆಯುಧ ಎಂಬರ್ಥದಲ್ಲಿ ಮಾತಾಡಿದ್ದರು. ಅದನ್ನು ಎದುರಾಳಿಗಳು ಹಿಡಿದುಕೊಂಡರು. ಎದುರಾಳಿ ಜೆ.ಡಿ. ವ್ಯಾನ್ಸ್ ನಾಲ್ಕು ವರ್ಷ ಮರೀನ್ ಪಡೆಯಲ್ಲಿದ್ದವರು, ಇರಾಕಿಗೆ ಹೋಗಿದ್ದರು; ಅಲ್ಲಿ ಅವರ ಕೆಲಸ ಪಡೆಯ ವರದಿಗಾರಿಕೆ. ಇಪ್ಪತ್ತನಾಲ್ಕು ವರ್ಷದ ಸೇವೆ ದೊಡ್ಡದೋ, ಯುದ್ಧಭೂಮಿಯಲ್ಲಿ ಕಳೆದ ಆರು ತಿಂಗಳು ದೊಡ್ಡದೋ ಎಂದು ವಾರಗಟ್ಟಲೆ ಚರ್ಚೆ ನಡೆಯಿತು.

ನಮ್ಮಲ್ಲಿ ಅಂಥ ಚರ್ಚೆಯೇ ಇಲ್ಲ. ಕೇಳದೆ ಉಳಿದರೆ ಸುಳ್ಳಿಗೂ ದಾರಿ, ಮರೆವಿಗೂ ದಾರಿ.

ವೀರಗಲ್ಲಿನ ಕಾಲದಿಂದ

ಕಾದಾಡಿ ಸತ್ತವನನ್ನು ಎಲ್ಲರಿಗಿಂತ ಮೇಲೆ ಇಡುವ ನಮ್ಮ ಮನಸ್ಸು ಇಂದಿನದಲ್ಲ. ಧಾರವಾಡ, ಗದಗ, ಹಾವೇರಿ ಸೀಮೆಯ ಹಳೆಯ ಗುಡಿಗಳ ಅಂಗಳದಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ದನಗಳನ್ನು ಅಟ್ಟಿಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನಿಗೆ, ಊರು ಕಾಯ್ದು ಸತ್ತವನಿಗೆ ಕಲ್ಲು ನಿಲ್ಲಿಸಿದರು. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಜಮೀನು ಬಿಟ್ಟುಕೊಟ್ಟರು. ಪರಿಹಾರ ಧನದ ಹಳೆಯ ರೂಪ ಅದು. ಬದುಕಿ ಮರಳಿದವನಿಗೆ, ಸೈನ್ಯಕ್ಕೆ ಜೋಳ ಹೊತ್ತವನಿಗೆ ಕಲ್ಲಿಲ್ಲ.

ನವಲಗುಂದ ಸೀಮೆಯವರು ಸಾವು ಹೇಗೆ ರಾಜಕಾರಣವಾಗುತ್ತದೆ ಎಂದು ಇನ್ನೊಂದು ರೀತಿಯಲ್ಲೂ ಬಲ್ಲರು. 1980ರ ಜುಲೈ 21ರಂದು ಮಲಪ್ರಭಾ ರೈತರ ಹೋರಾಟದಲ್ಲಿ ನವಲಗುಂದ, ನರಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಪ್ರತಿ ವರ್ಷ ಆ ದಿನ ಮುಖಂಡರು ಬಂದು ಹಾರ ಹಾಕುತ್ತಾರೆ. ಬದುಕಿರುವ ರೈತನ ನೀರಿನ ಬೇಡಿಕೆ ಮಹದಾಯಿಯ ಹೆಸರಿನಲ್ಲಿ ಇನ್ನೂ ಬಾಕಿ ಇದೆ. ಸೈನಿಕನ ವಿಷಯದಲ್ಲೂ ನಡೆಯುತ್ತಿರುವುದು ಇದೇ.

ನಾಲ್ಕು ವರ್ಷದ ಸೈನಿಕರು

ಈಗ ಈ ಪ್ರಶ್ನೆ ಇನ್ನಷ್ಟು ಬಿಸಿಯಾಗಲಿದೆ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಸೇವೆ. ಅವರಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾ ನಿಧಿ, ಒಂದು ಕೌಶಲ ಪ್ರಮಾಣಪತ್ರ ಹಿಡಿದು ಮರಳುತ್ತಾರೆ. ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ. ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಮೊದಲ ಭಾಗದಲ್ಲಿ.

ಅಗ್ನಿವೀರರ ಬಗ್ಗೆ ಸಂಸತ್ತಿನಲ್ಲಿ ಜೋರು ಚರ್ಚೆ ನಡೆದದ್ದು 2024ರಲ್ಲಿ. ಅದೂ ನೆಲಬಾಂಬು ಸಿಡಿದು ಸತ್ತ ಒಬ್ಬ ಅಗ್ನಿವೀರನ ಮನೆಗೆ ಎಷ್ಟು ಹಣ ಸಿಕ್ಕಿತು ಎಂಬುದರ ಮೇಲೆ. ಸಾವು ಬಂದಾಗ ಸದನ ಎದ್ದು ನಿಂತಿತು. ಬದುಕಿ ಮರಳುವ ನಾಲ್ವರಲ್ಲಿ ಮೂವರ ವಿಷಯಕ್ಕೆ ಅಷ್ಟು ದನಿ ಏರಲಿಲ್ಲ.

ಹುಬ್ಬಳ್ಳಿ–ಧಾರವಾಡದ ತರಬೇತಿ ಕೇಂದ್ರಗಳಲ್ಲಿ, ಹಳ್ಳಿಯ ಕಾಲುವೆ ದಂಡೆಗಳ ಮೇಲೆ ನಮ್ಮ ಹುಡುಗರು ಇಂದಿಗೂ ನಸುಕಿನಲ್ಲಿ ಓಡುತ್ತಾರೆ. ಪೂರ್ಣ ಅಂಕ ಬೇಕೆಂದರೆ 1,600 ಮೀಟರ್ ಐದೂವರೆ ನಿಮಿಷದಲ್ಲಿ ಮುಗಿಸಬೇಕು, ಹತ್ತು ಪುಲ್‌ಅಪ್ ಎಳೆಯಬೇಕು. ಅವರಲ್ಲಿ ಗಾಡಿ ಹೊಡೆಯುವವರು, ರೇಡಿಯೊ ಸೆಟ್ ರಿಪೇರಿ ಮಾಡುವವರು, ಅಡುಗೆ ಮಾಡುವವರು, ಗಾಯಕ್ಕೆ ಪಟ್ಟಿ ಕಟ್ಟುವವರು ಬಹಳ ಮಂದಿ ಇರುತ್ತಾರೆ. ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಮರಳಿದ ಮೇಲೆ ಅವರಿಗೆ ಸಾರಿಗೆ ಸಂಸ್ಥೆಯ ಚಾಲಕ ಹುದ್ದೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ, ಆಂಬುಲೆನ್ಸ್ ಸೇವೆಯಲ್ಲಿ, ಅಗ್ನಿಶಾಮಕ ದಳದಲ್ಲಿ ಎಷ್ಟು ಜಾಗ, ಸೇನೆಯ ಕೌಶಲ ಪ್ರಮಾಣಪತ್ರಕ್ಕೆ ರಾಜ್ಯದ ನೇಮಕಾತಿಯಲ್ಲಿ ಎಷ್ಟು ಅಂಕ ಎಂದು ನಮ್ಮ ಪಂಚಾಯ್ತಿ ಸದಸ್ಯರಿಂದ ಸಂಸದರವರೆಗೆ ಎಲ್ಲರನ್ನೂ ಈಗಲೇ ಕೇಳಬೇಕು. ಓಟು ಕೇಳಲು ಬಂದವರನ್ನು ಕೇಳಬೇಕು, ಮೆರವಣಿಗೆಯ ಜೀಪು ಹತ್ತಿ ನಿಂತವರನ್ನೂ ಕೇಳಬೇಕು.